ದೀಪ ಹಚ್ಚುವ ಹೊತ್ತಿನ ಸರ್ವೆ

ಮಲಾಡಿನ ಗುಡಿಸಲುಗಳಲ್ಲಿ ಒಬ್ಬ ಬಡವನೂ ಸಿಗಲಿಲ್ಲವೆಂದು ನನ್ನ ಫಾರ್ಮುಗಳು ಹೇಳುತ್ತಿದ್ದವು. ಚನ್ನಬಸಯ್ಯ ಸರ್ ಅವನ್ನು ಇಸ್ಪೀಟೆಲೆಯಂತೆ ಮೇಜಿನ ತುಂಬ ಹರಡಿಕೊಂಡು ಕೂತಿದ್ದರು.

"ಮಿಸ್ ನೀಲಾ, ಇಲ್ಲಿ ಬರ್ರಿ. ನೀವು ಹೋಗಿದ್ದು ಮಲಾಡಿಗೆ ಹೌದಲ್ಲೋ? ತಪ್ಪಿ ಮಲಬಾರ್ ಹಿಲ್ ಏರಿಲ್ಲಲ್ಲ?"

ಅದು ೧೯೭೪. ದಾದರಿನ ನಮ್ಮ ಆಫೀಸು ಊರು ಬಿಟ್ಟು ಮುಂಬಯಿಗೆ ಬಂದ ಕನ್ನಡದ ಜನರ ಸರ್ವೆ ನಡೆಸಿತ್ತು. ಅವರು ಏನು ಉಣ್ಣುತ್ತಾರೆ, ಎಷ್ಟು ಕೆಮ್ಮುತ್ತಾರೆ, ಮಕ್ಕಳನ್ನು ಸಾಲಿಗೆ ಕಳಿಸುತ್ತಾರೋ ಇಲ್ಲವೋ, ಎಲ್ಲ ಬೇಕಿತ್ತು. ಚನ್ನಬಸಯ್ಯ ಸರ್ ಧಾರವಾಡದವರು, ಅಂಕಿಸಂಖ್ಯೆ ಓದಿದವರು, ನಲವತ್ತು ಸಮೀಪಿಸಿದರೂ ಮದುವೆಯಾಗದವರು. ನನ್ನನ್ನು ಪರೀಕ್ಷೆಯ ಮೇಲೆ ತೆಗೆದುಕೊಂಡಿದ್ದರು. ಕಾಯಂ ಆದರೆ ನೌಕರಿ. ಆಗದಿದ್ದರೆ ಗದಗಿನಲ್ಲಿ ಹತ್ತಿಯ ಅಡತಿ ಅಂಗಡಿಯಿಟ್ಟ ಒಬ್ಬ ವರ ನನಗಾಗಿ ಕಾದಿದ್ದ. ಅವನ ಫೋಟೋದಲ್ಲಿ ಅವನಿಗಿಂತ ಹತ್ತಿಯ ಅಂಡಿಗೆಗಳೇ ಚೆನ್ನಾಗಿ ಬಂದಿದ್ದವು.

"ಗ್ರಾಂಟ್ ರೋಡಿನ ಅಂಗಡಿಕಾರರೆಲ್ಲ 'ಧಂದಾ ಇಲ್ಲ, ಏನೂ ಇಲ್ಲ' ಅಂತ ಬರೆಸ್ಯಾರ. ಇಲ್ಲಿ ಇಟ್ಟಂಗಿ ಹೊರೂ ಹೆಣ್ಣಮಕ್ಕಳ ಮನ್ಯಾಗ ಜ್ವಾಳ ತುಂಬೈತಿ, ಎಣ್ಣಿ ತುಂಬೈತಿ, ಹಾಲು ತುಂಬೈತಿ! ಏನಿದು?"

"ಅವರು ಹೇಳಿದ್ದನ್ನಷ್ಟೇ ಬರೀರಿ, ನಿಮ್ಮ ತಲಿ ಸೇರಿಸಬ್ಯಾಡ್ರಿ ಅಂದಿದ್ರಲ್ಲ ಸರ್."

ನಾನು ಸುಳ್ಳು ಬರೆದಿರಲಿಲ್ಲ. ಆ ಹೆಂಗಸರು ಕಟ್ಟಡದ ಕೆಲಸ ಮುಗಿಸಿ ಮನೆ ಮುಟ್ಟುವುದೇ ಕಂದೀಲು ಹಚ್ಚುವ ಹೊತ್ತಿಗೆ. ನಾನೂ ಆಗಲೇ ಹೋಗುತ್ತಿದ್ದೆ. ಆ ಹೊತ್ತಿನಲ್ಲಿ "ಇಲ್ಲ" ಅನ್ನುವವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಅಜ್ಜಿ ಹೇಳುತ್ತಿದ್ದಳು: ಲಕ್ಷ್ಮವ್ವ ಸಂಜೆ ಮನೆಮನೆ ಸುತ್ತುತ್ತಾಳೆ. ಒಂದು ಮನೆಯ ಹೊಸ್ತಿಲ ಮೇಲೆ ಆಕೆ ಕಾಲೆತ್ತಿದಾಗ ಸೊಸೆ ಒಳಗಿನಿಂದ "ಎಣ್ಣಿ ಇಲ್ಲ" ಅಂದಳಂತೆ. "ಓಹೋ, ಈ ಮನ್ಯಾಗ ಇಲ್ಲಪ್ಪ ಅನ್ನಾಂವ ಆಗಲೇ ಬಂದು ಮಲಗ್ಯಾನ. ಇನ್ನ ನನಗೆಲ್ಲಿ ಜಾಗ?" ಎಂದು ಎತ್ತಿದ ಕಾಲನ್ನು ಹಿಂದಿಟ್ಟಳಂತೆ. ಅಂಥ ಕಾಲು ಹೊಸ್ತಿಲ ಮೇಲೆ ತೂಗುತ್ತಿರುವಾಗ ಸರಕಾರಿ ಶಾಯಿಯಲ್ಲಿ "ಇಲ್ಲ" ಎಂದು ಬರೆಯುವಷ್ಟು ಗಟ್ಟಿ ಎದೆ ನನಗಿರಲಿಲ್ಲ. ಅವರು "ತುಂಬೈತಿ" ಅಂದರು, ನಾನು ಗುರುತು ಹಾಕಿದೆ. ನಡುವೆ ಒಮ್ಮೆ ಗೆಜ್ಜೆಯ ಸದ್ದೂ ಕೇಳಿಸಿದಂತಾಯಿತು. ಅದು ಮೇಕೆಯ ಕೊರಳಿನದು.

ಇದನ್ನೆಲ್ಲ ಹೇಳಿದೆ. ಸರ್ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಲಕ್ಷ್ಮವ್ವನ್ನ ಯಾವ ಕಾಲಂನಾಗ ಹಾಕಲಿ? ರವಿವಾರ ಮುಂಜಾನೆ ನಾನೇ ಬರ್ತೀನಿ. ಉತ್ತರ ಬ್ಯಾರೆ ಬಂದ್ರ ನೀವು ಸೋಮವಾರದಿಂದ ಬರೂದು ಬ್ಯಾಡ."

ಬೇರೆಯೇ ಬಂತು. ಬರದೆ ಏನು? ಮೊದಲ ಗುಡಿಸಲು ವಿಜಾಪುರ ಕಡೆಯ ರಾಚವ್ವನದು. ರಜೆಯ ದಿನ, ಮಗಳ ಎಣ್ಣೆಯಿಲ್ಲದ ತಲೆ ಬಾಚುತ್ತ ಕೂತಿದ್ದಳು.

"ಮನ್ಯಾಗ ಜ್ವಾಳ ಐತೇನವಾ?" ಸರ್ ಕೇಳಿದರು.

"ಎಲ್ಲಿ ಜ್ವಾಳ ತಂದ್ರಿ ಸಾಹೇಬ್ರ! ಡಬ್ಬಿ ನೋಡ್ರಿ, ಝರಳಿ ಸೈತ ಬ್ಯಾಸತ್ತು ಊರಿಗೆ ಹೋಗ್ಯಾವ."

"ಹಾಲು?"

"ಚಾಕ್ಕ ಬಣ್ಣ ಬರುವಷ್ಟು."

"ಜಡ್ಡು ಜಾಪತ್ರಿ?"

"ಇವರಪ್ಪ ಬಂಡೆಪ್ಪ ಶ್ರಾವಣದಿಂದ ಕೆಮ್ಮಾಕತ್ಯಾನ್ರಿ. ಓಣಿಗೆಲ್ಲ ಅವನ ಕೆಮ್ಮೇ ಗಡಿಯಾರ."

"ಮಕ್ಕಳು ಸಾಲಿಗೆ?"

"ಮರಾಠಿ ಸಾಲಿಗೆ ಹಾಕಿದ್ನಿ. ಮಾಸ್ತರ ಏನಂತಾನ ತಿಳೀವಲ್ದು ಅಂತ ಓಡಿ ಬಂದಾಳ್ರಿ ಈಕಿ."

ಸರ್ ಪೆನ್ನಿನ ಮುಚ್ಚಳ ಹಾಕಿದರು. ಗದಗಿನ ಹತ್ತಿಯ ಅಂಡಿಗೆಗಳೆಲ್ಲ ಒಮ್ಮೆಲೇ ನನ್ನ ಕಣ್ಣೆದುರು ಬಂದು ಕೂತವು.

"ಸರ್," ಅಂದೆ, "ಸಂಜೀಕ ಇದನ್ನೇ ಒಮ್ಮೆ ಕೇಳ್ರಿ. ನಾ ಬರೆದ ಉತ್ತರನೇ ಬರಲಿಲ್ಲಾಂದ್ರ ನಾಳೆಯಿಂದ ನಾ ಬರೂದಿಲ್ಲ."

ಅವರು ಒಪ್ಪಿದರು. ಸ್ಟೇಶನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ನನ್ನನ್ನು ಎದುರಿಗೇ ಕೂರಿಸಿಕೊಂಡರು. ನಾನು ಓಡಿಹೋಗಿ ರಾಚವ್ವನ ಕಿವಿಯಲ್ಲಿ ಊದಬಾರದಲ್ಲ. ಮೂರು ಸಲ ಚಹಾ ಬಂತು. ನನಗೋ ಒಂದೇ ದಿಗಿಲು: ಮುಂಜಾನೆ ಎಲ್ಲ ಹೇಳಿಬಿಟ್ಟವಳು, ಸಾಹೇಬರ ಮರ್ಯಾದೆಗೆಂದು ಸಂಜೆಯೂ ಅದನ್ನೇ ಹೇಳಿದರೆ?

ನಾವು ಮತ್ತೆ ಹೋದಾಗ ರಾಚವ್ವ ಕಂದೀಲಿನ ಗಾಜು ಒರೆಸಿ ಆಗತಾನೆ ದೀಪ ಹಚ್ಚಿ ಕೈ ಮುಗಿಯುತ್ತಿದ್ದಳು. ಪಕ್ಕದ ಗುಡಿಸಲಿನ ಮಲ್ಲವ್ವ ಏನು ಗದ್ದಲವೆಂದು ಬಂದು ಬಾಗಿಲಿಗೆ ಆತು ನಿಂತಳು.

"ಮನ್ಯಾಗ ಜ್ವಾಳ ಐತೇನವಾ?"

ರಾಚವ್ವ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಮುಂಜಾನೇನ ಹೇಳಿದ್ನೆಲ್ರಿ ಸಾಹೇಬ್ರ."

ಸರ್ ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಅವಳತ್ತ ತಿರುಗಿದರು.

"ಹೌದು. ಈಗ ಇನ್ನೊಮ್ಮೆ ಹೇಳು."

ಅವಳು ದೀಪವನ್ನು ನೋಡಿದಳು, ಹೊಸ್ತಿಲನ್ನು ನೋಡಿದಳು. ಸೆರಗು ಸರಿಪಡಿಸಿಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ತುಂಬಿ ತುಳುಕ್ಯಾಡಾಕತ್ತೈತ್ರೀ!"

"ಡಬ್ಬಿ ತೋರಸು."

"ದೀಪಾ ಹಚ್ಚಿದ ಮ್ಯಾಲೆ ಖಾಲಿ ಡಬ್ಬಿ ತೆರೀಬಾರದ್ರಿ."

"ಹಂಗಾರ ಮುಂಜಾನೆ ಹೇಳಿದ್ದು ಸುಳ್ಳೋ, ಈಗಿನ್ದು ಸುಳ್ಳೋ?"

"ಎರಡೂ ಖರೇನ ರೀ. ಅದು ನಿಮಗ ಹೇಳಿದ್ದು, ಇದು ಲಕ್ಷ್ಮವ್ವಗ ಹೇಳಿದ್ದು."

ಸರ್ ಬರೆಯಲೆಂದು ಬಗ್ಗಿದರು, ಬರೆಯಲಿಲ್ಲ. ಅಷ್ಟರಲ್ಲಿ ಮಲ್ಲವ್ವನಿಗೆ ತಾನೂ ಸರ್ವೆ ಮಾಡುವ ಹುಕಿ ಬಂತು.

"ಅಲ್ರೀ ಸಾಹೇಬ್ರ, ಬರೇ ನೀವೇ ಕೇಳ್ತೀರಿ. ನಿಮ್ಮ ಕೈ ಹಿಡಿದ ಅಕ್ಕಾರು ಮನ್ಯಾಗ ಅದಾರೇನ್ರಿ?"

"ಇ—" ಎಂದವರು ತಟ್ಟನೆ ನಿಂತರು. ಕಂದೀಲಿನ ಬೆಳಕಿನಲ್ಲಿ ಅವರ ಬಾಯಿ ತೆರೆದೇ ಇತ್ತು. ಅಂಕಿಸಂಖ್ಯೆ ಮುಂದಕ್ಕೆ ನೂಕುತ್ತಿತ್ತು, ಧಾರವಾಡ ಹಿಂದಕ್ಕೆ ಎಳೆಯುತ್ತಿತ್ತು. ರಾಚವ್ವ ಹೊಸ್ತಿಲಿಗೆ ಅಡ್ಡ ಕೈ ಹಿಡಿದಳು, ಒಳಗೆ ಬರುತ್ತಿದ್ದ ಲಕ್ಷ್ಮವ್ವ ತಿರುಗಿ ಹೋಗದಿರಲೆಂಬಂತೆ.

"ತುಂಬೈತಿ," ಅಂದರು ಚನ್ನಬಸಯ್ಯ ಸರ್, ಸಣ್ಣ ದನಿಯಲ್ಲಿ.

"ಅಯ್ಯ! ಎಷ್ಟ ಮಂದಿ ಅದಾರ್ರಿ ಅಕ್ಕಾರು?"

ಓಣಿಯೆಲ್ಲ ನಕ್ಕಿತು. ಒಳಗಿನಿಂದ ಬಂಡೆಪ್ಪನೂ ನಕ್ಕು, ಆಮೇಲೆ ಬಹಳ ಹೊತ್ತು ಕೆಮ್ಮಿದ. ಸರ್ ಆ ಕೆಮ್ಮು ನಿಲ್ಲುವ ತನಕ ತಲೆಯೆತ್ತಲಿಲ್ಲ. ಆಮೇಲೆ ಅವನ ಫಾರ್ಮಿನಲ್ಲಿ ಏನೋ ಬರೆದು, ಮುನಸಿಪಾಲಿಟಿ ದವಾಖಾನೆ ಯಾವ ವಾರ ತೆರೆದಿರುತ್ತದೆಂದು ರಾಚವ್ವನಿಗೆ ಎರಡು ಸಲ ತಿಳಿಸಿ ಹೇಳಿದರು.

ಇಬ್ಬರೂ ಸ್ಟೇಶನ್ನಿಗೆ ನಡೆದೆವು. ದಾದರಿನ ಲೋಕಲ್ ಬಂದು ನಿಂತಿತು. ಜನರ ನೂಕಾಟದಲ್ಲಿ ಅವರು ತಿರುಗಿ ಕೂಗಿದರು:

"ಮಿಸ್ ನೀಲಾ, ಮಲಾಡಿನ ಎಲ್ಲಾ ಮನಿ ಮತ್ತ ಮಾಡ್ಬೇಕು. ಮುಂದಿನ ರವಿವಾರದಿಂದ, ಮುಂಜಾನೆ ಎಂಟಕ್ಕ."

"ನಾನಾ, ಸರ್? ರವಿವಾರನಾ?"

"ಮತ್ತ್ಯಾರು? ಕಾಯಂ ಆಗದವ್ರಿಗೆ ರಜಾದಿವಸ ಕೆಲಸಾ ಹಚ್ಚಾಕ ಆಫೀಸಿನ್ಯಾಗ ಕಾಯ್ದೆ ಇಲ್ಲ. ಹತ್ರಿ, ಹತ್ರಿ, ಗಾಡಿ ಬಿಟ್ಟೀತು."