ರೇವವ್ವನ ಕೈಗುಣ

ರೇವವ್ವನ ಕೈಗಳಿಗೆ ಸುಮ್ಮನಿರುವುದೇ ಗೊತ್ತಿರಲಿಲ್ಲ. ಮಾತಾಡುತ್ತಲೇ ಎದುರು ಕೂತವರ ಮೊಣಕಾಲು ಒತ್ತುವಳು, ಬಾಜು ಮನೆಯ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬೆನ್ನು ನೀವುವಳು, ಯಾರೂ ಸಿಗದಿದ್ದರೆ ತನ್ನ ಅಂಗೈಯನ್ನೇ ಉಜ್ಜಿಕೊಳ್ಳುವಳು. ಯರಗುಪ್ಪಿಯಲ್ಲಿ ಉಳುಕಿದ ಕಾಲು, ಹಿಡಿದ ಸೊಂಟ, ಬಾಣಂತಿಯ ಮೈ ಎಲ್ಲವೂ ಅವಳ ಪಾಲಿಗೇ. ದಡದಡ ನಡೆದು ಬಂದರೆ ಅವಳಿಗಿಂತ ಮೊದಲು ಕುಸುಬಿ ಎಣ್ಣೆಯ ವಾಸನೆ ಹೊಸ್ತಿಲು ದಾಟುತ್ತಿತ್ತು. "ನೋವ ಅಂದ್ರ ಹಟಮಾರಿ ಕೂಸು ಇದ್ದಂಗ್ರಿ, ತಟ್ಟಿ ಮಲಗಸ್ಬೇಕು" ಎಂಬುದು ಅವಳ ವೈದ್ಯಶಾಸ್ತ್ರದ ಮೊದಲ ಸೂತ್ರ, ಕೊನೆಯದೂ ಅದೇ.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಗಂಡ ಶಂಕ್ರಪ್ಪ ಹತ್ತಿ ಹೇರಿದ ಚಕ್ಕಡಿಯ ಮೇಲಿಂದ ಬಿದ್ದು ಕೊರಳ ಬುಡದ ಎಲುಬು ಮುರಿದುಕೊಂಡ. ಊರಲ್ಲಿ ಎಲುಬು ಕೂಡಿಸುವ ಮಲಿಕಸಾಬ ಬಿಗಿಯಾಗಿ ಕಟ್ಟು ಕಟ್ಟಿದ, ಎಲುಬು ಕೂಡತೊಡಗಿತ್ತು. ಅಷ್ಟರಲ್ಲಿ ಆ ಬದಿಯ ತೋಳು ಬಾತು ನೀಲಿಗಟ್ಟಿತು, ಎದೆಯ ಮೇಲೆ ನರಗಳು ಉಬ್ಬಿ ನಿಂತವು. ರೇವವ್ವ ಇಂಥದ್ದಕ್ಕೆಂದೇ ಹುಟ್ಟಿದವಳಲ್ಲವೆ? ಎಣ್ಣೆ ಬಿಸಿ ಮಾಡಿ ಭುಜದಿಂದ ಬೆರಳ ತುದಿಯವರೆಗೆ ಮನಸಾರೆ ತಿಕ್ಕಿದಳು. ಮರುದಿನ ಅವನಿಗೆ ಎದೆ ಚುಚ್ಚಿ ಉಸಿರು ಹಿಡಿಯಿತು. ಸಿಕ್ಕ ಬಸ್ಸು ಹತ್ತಿಸಿ ಹುಬ್ಬಳ್ಳಿಯ ದವಾಖಾನೆಗೆ ಒಯ್ದರು.

ತೋಳು ನೋಡಿದ ಡಾಕ್ಟರು ಅವಳನ್ನು ಹೊರಗೆ ಕರೆದರು. "ಯಾರು ತಿಕ್ಕಿದ್ರು ಇದನ್ನ?"

"ನಾನ ತಿಕ್ಕೇನ್ರಿ."

ಮುರಿದ ಎಲುಬಿನ ಕೆಳಗೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದರದೊಂದು ಚೂರು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿದೆ, ಇನ್ನೊಂದು ದೊಡ್ಡ ಚೂರು ಹೋದರೆ ಜೀವ ಉಳಿಯದು ಎಂದರು. ಸೂಜಿಮದ್ದು ಶುರುವಾಯಿತು. ತಿಕ್ಕಿದರೆ ಹೆಪ್ಪು ಕಿತ್ತು ಹೋಗುತ್ತದೆ, ತೋಳನ್ನು ಯಾರೂ ತಿಕ್ಕಕೂಡದು ಎಂದೂ ಹೇಳಿದರು. ಅಂದಿನಿಂದ ರೇವವ್ವ ಖಾಟಿನ ಪಕ್ಕ ಕೂತಳು, ಎದ್ದಳು, ಕೊಡವಿದ ಚಾದರವನ್ನೇ ಮತ್ತೆ ಕೊಡವಿದಳು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. ತನ್ನ ಕೈಗಳನ್ನು ಕಂಡರೆ ಅವಳಿಗೇ ಭಯವಾಗತೊಡಗಿತು.

ಶಂಕ್ರಪ್ಪನಿಗೆ ಇದೇನೂ ತಿಳಿಯದು. ನೋವು ತಾಳದೆ, "ಒಂದೀಟರ ತಿಕ್ಕು, ರೇವೀ" ಎಂದು ಗೋಗರೆದ. ಅವಳ ಅಂಗೈ ತಾನಾಗಿಯೇ ಮುಂದೆ ಹೋಯಿತು. ಥಟ್ಟನೆ ಹಿಂದೆಳೆದು, ಎರಡೂ ಮುಂಗೈಗಳನ್ನು ಸೆರಗಿನಲ್ಲಿ ಬಿಗಿದು ಸುತ್ತಿಕೊಂಡು ಕೂತಳು.

"ಊರ ಮಂದಿಗೆಲ್ಲಾ ಕೈ ಐತಿ, ನನಗಷ್ಟ ಇಲ್ಲೇನ?" ಎಂದವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಕಾರಣ ಹೇಳಿದರೆ ಹೆದರಿಯಾನೆಂದು ಅವಳು ಬಾಯನ್ನೂ ಬಿಗಿದುಕೊಂಡಳು.

ಶಂಕ್ರಪ್ಪ ಬದುಕಿ ಬಂದ. "ಸಾಯೂ ಹೊತ್ತಿನ್ಯಾಗ ಒಂದ ಸಲ ಕೈ ಹಚ್ಚಲಿಲ್ಲ ನೋಡ್ರಿ ಈಕಿ" ಎಂದು ಕಟ್ಟೆಗೆ ಬಂದವರ ಮುಂದೆಲ್ಲ ವರ್ಷಗಟ್ಟಲೆ ದೂರುತ್ತಿದ್ದ. ರೇವವ್ವ ಒಳಗೆ ಯಾರದೋ ಸೊಂಟ ನೀವುತ್ತ ಕೇಳಿಸಿಕೊಳ್ಳುತ್ತಿದ್ದಳು. ದೂರುವುದಕ್ಕಾದರೂ ಗಂಡ ಉಳಿದಿದ್ದಾನಲ್ಲ, ಅವಳಿಗೆ ಅಷ್ಟೇ ಸಾಕಿತ್ತು. ಅಕ್ಕರೆಯನ್ನು ಮಾತಿನಲ್ಲಿ ಹೇಳಲು ಬಾರದೆ ಕೈಯಲ್ಲೇ ತೋರುವ ಜನ ನಮ್ಮ ಕಡೆ ಬಹಳ. ಅವರು ಮಾಡಿದ್ದನ್ನು ಊರೆಲ್ಲ ನೆನೆಯುತ್ತದೆ. ಹಲ್ಲು ಕಚ್ಚಿ ಮಾಡದೆ ಬಿಟ್ಟದ್ದನ್ನು, ಯಾರಿಗಾಗಿ ಬಿಟ್ಟರೋ ಅವರೂ ಅರಿಯುವುದಿಲ್ಲ.