ತಕ್ಕಡಿಯವನ ಕೊಡೆ

ಮಗಳು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಕೃಷಿ ಅರ್ಥಶಾಸ್ತ್ರ ಓದುತ್ತಿದ್ದಾಳೆ ಎಂದು ಹೇಳುವಾಗ ಅಪ್ಪನ ಎದೆ ಒಂದು ಗೇಣು ಮುಂದೆ ಬರುತ್ತಿತ್ತು. ಆ ಓದಿನಲ್ಲಿ ಏನಿದೆ ಎಂದು ಯಾರಾದರೂ ಕೆದಕಿದರೆ ಮಾತ್ರ, "ಅದೇ, ಬೆಳೆದವನಿಗೆ ಬೆಲೆ ಯಾಕೆ ಸಿಗಲ್ಲ ಅಂತ ಓದೋದು" ಎಂದು ಜಾರಿಕೊಳ್ಳುತ್ತಿದ್ದ. ಈರುಳ್ಳಿಯ ಸಗಟು ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೂಟೆ ತೂಗುವ ಕೆಲಸ ಅವನದು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಲವತ್ತು ರೈತರನ್ನು ಮಾತಾಡಿಸಬೇಕು ಎಂದು ಮಗಳು ಅಂದದ್ದೇ ತಡ, ಅವನು ಟೊಂಕ ಕಟ್ಟಿ ನಿಂತ. ಮೂರು ದಿನ, ಬಿಡುವಾದಾಗಲೆಲ್ಲ, ಮಾರುಕಟ್ಟೆಗೆ ಬಂದ ರೈತರನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ಕರೆತಂದು ಕೂರಿಸಿದ. ಬಿಸಿಲು ತಾಗದಂತೆ ಮಗಳ ತಲೆಯ ಮೇಲೆ ಕೊಡೆ ಹಿಡಿದ. ಅವಳು ಪಟ್ಟಿ ನೋಡಿ ಕೇಳುತ್ತಿದ್ದಳು. ಅವರು ಕೊಡೆಯ ಕಡೆ ನೋಡಿ ಉತ್ತರಿಸುತ್ತಿದ್ದರು.

ಪ್ರಾಜೆಕ್ಟ್ ಒಪ್ಪಿಸಲು ಒಂದು ವಾರವಿದೆ ಎನ್ನುವಾಗ, ಸಂಜೆ ಮಗಳು ಮೋರೆ ಸಪ್ಪೆ ಮಾಡಿಕೊಂಡು ಬಂದಳು.

"ಮೇಡಂ ವಾಪಸ್ ಕೊಟ್ರು, ಅಪ್ಪ."

"ಯಾಕಂತೆ? ನಲವತ್ತಕ್ಕೆ ನಲವತ್ತೂ ತುಂಬಿಸಿದ್ದೀವಲ್ಲ!"

"ಒಂಬತ್ತನೇ ಪ್ರಶ್ನೆ. ಮಾರುಕಟ್ಟೆಯ ತೂಕದ ಮೇಲೆ ನಂಬಿಕೆ ಇದೆಯಾ ಅಂತ. ನಲವತ್ತು ಜನಾನೂ ಇದೆ ಅಂದಿದಾರೆ. ಪಕ್ಕದಲ್ಲಿ ಯಾರು ನಿಂತಿದ್ರು ಅಂತ ಮೇಡಂ ಕೇಳಿದ್ರು."

"ನಾನು ಅನ್ನೋದಲ್ವಾ?"

"ಅಂದೆ. ನಿಮ್ಮಪ್ಪ ಏನ್ ಕೆಲಸ ಮಾಡ್ತಾರೆ ಅಂದ್ರು. ಹೇಳಿದೆ. ನಕ್ಕುಬಿಟ್ರು."

ಅಡುಗೆಮನೆಯಿಂದ ಅಮ್ಮನ ದನಿ ಬಂತು: "ನನ್ನಡುಗೆ ಹೇಗಿದೆ ಅಂತ ನಾನು ಸೌಟು ಹಿಡ್ಕೊಂಡು ಎದುರಿಗೆ ನಿಂತು ಕೇಳಿದ್ರೆ, ನೀವಾದ್ರೂ ಇನ್ನೇನು ಹೇಳ್ತೀರಿ?"

ಅಪ್ಪನಿಗೆ ನಗು ಬರಲಿಲ್ಲ. "ಅಂದ್ರೆ ನನ್ನ ಕೈಯನ್ನ ಯಾರೂ ನಂಬಲ್ಲ ಅಂತೀಯಾ?"

"ನಾನೇನೂ ಅಂತಿಲ್ಲಪ್ಪ. ಮತ್ತೆ ಕೇಳ್ಬೇಕು, ಅಷ್ಟೇ. ವಾರದೊಳಗೆ ಮುಗೀದಿದ್ರೆ ಡಿಗ್ರಿ ಮುಂದಿನ ವರ್ಷಕ್ಕೆ ಹೋಗುತ್ತೆ." ಹಾಳೆಗಳನ್ನು ಚೀಲಕ್ಕೆ ಸೇರಿಸುತ್ತಾ ಹೇಳಿದಳು, "ಈ ಸಲ ನೀನು ಬರ್ಬೇಡ."

ಮರುದಿನ ಅವಳು ಮಾರುಕಟ್ಟೆಯ ಗೇಟಿನಾಚೆ, ಖಾಲಿ ಗಾಡಿಗಳ ನೆರಳಲ್ಲಿ ಕೂತಳು. ಅಪ್ಪ ತಕ್ಕಡಿಯ ಬಳಿಯಿಂದಲೇ ಕತ್ತು ಉದ್ದ ಮಾಡಿ ನೋಡಿದ. ಮೊದಲ ಸಲ ‘ಹೂಂ’, ‘ಉಹೂಂ’ಗಳಲ್ಲೇ ಎಲ್ಲವನ್ನೂ ಮುಗಿಸಿದ್ದ ಮುದುಕಿಯೊಬ್ಬಳು ಈಗ ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು. ಮಗಳು ತಲೆ ಎತ್ತದೆ ಬರೆಯುತ್ತಿದ್ದಳು.

ಅವನ ಮುಂದಿನ ಮೂಟೆ ಐವತ್ತೊಂದು ಕೆಜಿ ತೂಗಿತು. "ಐವತ್ತು!" ಎಂದು ಬಾಯಿ ತಾನಾಗಿಯೇ ಕೂಗಿತು. ಗುಮಾಸ್ತ ಐವತ್ತು ಬರೆದುಕೊಂಡ. ಮಣ್ಣು, ತೇವದ ಲೆಕ್ಕ ಎಂದು ಮೂಟೆಗೊಂದು ಕೆಜಿ ಕಳೆಯುವುದನ್ನು ಹಿಂದಿನ ತೂಕದವನು ಹೇಳಿಕೊಟ್ಟಿದ್ದ. ಯಾಕೆ ಎಂದು ಇವನು ಕೇಳಿರಲಿಲ್ಲ; ಇವನನ್ನೂ ಯಾರೂ ಕೇಳಿರಲಿಲ್ಲ. ಅವತ್ತು ಮಾತ್ರ, ಕೂಗಿದ ಮೇಲೂ ಅವನು ತಕ್ಕಡಿಯ ಐವತ್ತೊಂದನ್ನು ಮತ್ತೊಮ್ಮೆ ನೋಡಿದ.

ಐದನೇ ದಿನ ಮಗಳು ಊಟದ ಮೇಜಿನ ಮೇಲೆ ಹಾಳೆಗಳನ್ನು ಜೋಡಿಸುತ್ತಿದ್ದಳು. ಅಪ್ಪ ಒಳಗೆ ಬಂದದ್ದು ಕಂಡು ಒಂದು ಹಾಳೆಯನ್ನು ಮೆಲ್ಲಗೆ ಅಡಿಗೆ ಸರಿಸಿದಳು.

"ನಂಬಿಕೆ ಇಲ್ಲ ಅಂದೋರು ಎಷ್ಟು ಜನ?"

"ಬಿಡಪ್ಪ..."

"ಎಷ್ಟು?"

"ಮೂವತ್ತೊಂದು."

ಅವನು ಕೈಕಾಲು ತೊಳೆದು ಬಂದ. ಕುರ್ಚಿ ಎಳೆದುಕೊಂಡು, ರೈತರು ಕೂತಂತೆಯೇ ಅವಳೆದುರು ಮಂಡಿ ಜೋಡಿಸಿ ಕೂತ.

"ನನ್ನನ್ನೂ ಕೇಳು."

"ನೀನು ಲೆಕ್ಕಕ್ಕೆ ಬರಲ್ಲಪ್ಪ. ಬೆಳೆದೋರನ್ನ ಮಾತ್ರ ಕೇಳೋದು."

"ಬರದಿದ್ರೂ ಬರ್ಕೋ. ಅವರು ಹೇಳಿದ್ದು ಯಾಕೆ ಅಂತ ನಿಮ್ಮ ಮೇಡಂಗೆ ಗೊತ್ತಾಗ್ಬೇಕಲ್ಲ."

ಮಗಳು ಪೆನ್ನಿನ ಮುಚ್ಚಳ ತೆಗೆದಳು. ಅಪ್ಪ ಬಾಯಿ ತೆರೆದವನು ಬಾಗಿಲ ಕಡೆ ನೋಡಿ ನಿಲ್ಲಿಸಿದ. ಅಲ್ಲಿ ಅಮ್ಮ ಕಿವಿಗೊಟ್ಟು ನಿಂತಿದ್ದಳು.

"ಏಯ್, ಸೌಟು ಹಿಡ್ಕೊಂಡು ಇಲ್ಲಿ ನಿಲ್ಬೇಡ," ಎಂದ. "ಒಳಗ್ ಹೋಗು. ನಾನು ನಿಜ ಹೇಳ್ಬೇಕು."