ಕಂಪ್ಯೂಟರ್ ಶುರುವಾಗುವವರೆಗೆ

ಗಂಟಲಿನ ಆಪರೇಷನ್ ಆದಮೇಲೆ ಅಕ್ಕನ ಮಾತೆಲ್ಲ ಕಂಪ್ಯೂಟರಿನಲ್ಲೇ. ಅವಳು ಟೈಪ್ ಮಾಡಿದ್ದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಒಂದು ಮಾತಿಗೆ ನಾಲ್ಕು ತಿರುಗಿಸಿ ಕೊಡುತ್ತಿದ್ದವಳು, ಈಗ ಆ ಸಪ್ಪೆ ದನಿಯಲ್ಲಿ ನೀರು ಕೇಳಿದರೆ ನನಗೆ ಸಂಕಟವಾಗುತ್ತದೆ. ಹೆಚ್ಚು ದಿನವಿಲ್ಲ ಎಂದು ಡಾಕ್ಟರೂ ಹೇಳಿಬಿಟ್ಟಿದ್ದಾರೆ. ಇಂಥದ್ದರಲ್ಲಿ ಭಾವ ಯಾರನ್ನೂ ಕೇಳದೆ ಸಿಸ್ಟಮ್ ಅಪ್‌ಗ್ರೇಡ್ ಮಾಡಿ ಕೂತರು. ಅವತ್ತಿನಿಂದ ಬೆಳಿಗ್ಗೆ ಗುಂಡಿ ಒತ್ತಿದರೆ ಪರದೆಯ ಮೇಲೆ ಚಕ್ರ ತಿರುಗಿದ್ದೇ ತಿರುಗಿದ್ದು. ಅದು ನಿಲ್ಲುವವರೆಗೆ ಅಕ್ಕ ಮೂಗಿ.

ಕಂಪ್ಯೂಟರ್ ರಿಪೇರಿಯೇ ನನ್ನ ಹೊಟ್ಟೆಪಾಡು. ಆದರೂ ಅವರಿಬ್ಬರಲ್ಲಿ ಯಾರೂ ನನ್ನನ್ನು ಕರೆಯಲಿಲ್ಲ. ಅಮ್ಮ ಹೇಳಿದ್ದು ಕೇಳಿ ನಾನೇ ಹೋದೆ.

ಚಕ್ರ ತಿರುಗುತ್ತಿತ್ತು. ಭಾವ ಮಂಚದ ತುದಿಯಲ್ಲಿ ಕೂತು, ನೆಲ ನೋಡುತ್ತಾ, ಒಂದೇ ಸಮನೆ ಏನೋ ಹೇಳುತ್ತಿದ್ದರು. ನನ್ನನ್ನು ಕಂಡದ್ದೇ ಬಾಯಿ ಮುಚ್ಚಿ ಎದ್ದರು. ಅಕ್ಕನ ಬಾಯಿಗೆ ಹೆದರಿ ಮದುವೆಯಾದಾಗಿನಿಂದ ಹೂಂ, ಉಹೂಂ ಬಿಟ್ಟು ಮಾತಾಡದ ಮನುಷ್ಯ. ಎದುರಾಡಲು ಅವಳಿಗೆ ಬಾಯಿಲ್ಲವೆಂದು ಈಗ ದರ್ಬಾರು ನಡೆಸುತ್ತಿದ್ದಾರೆ ಎಂದುಕೊಂಡೆ. ಮೈಯೆಲ್ಲ ಉರಿಯಿತು.

"ಇವತ್ತೇ ಸರಿ ಮಾಡ್ತೀನಿ ಭಾವ."

"ಅರ್ಜೆಂಟೇನಿಲ್ಲಮ್ಮ."

"ನಿಮಗಿಲ್ಲ ಬಿಡಿ."

ನೋಡಿದರೆ ಬೇಡದ ಪ್ರೋಗ್ರಾಮುಗಳೆಲ್ಲ ನಾ ಮುಂದು ತಾ ಮುಂದು ಎಂದು ಒಟ್ಟಿಗೇ ಏಳುತ್ತಿದ್ದವು. ಹಳೆಯ ಆಂಟಿವೈರಸ್ ಜೊತೆ ಹೊಸದೂ ಸೇರಿಕೊಂಡು, ಒಂದೇ ಅಡುಗೆಮನೆಯ ವಾರಗಿತ್ತಿಯರಂತೆ ಒಂದರ ಪಾತ್ರೆಯಲ್ಲಿ ಇನ್ನೊಂದು ಇಣುಕುತ್ತಿತ್ತು. ಹಳೆಯದನ್ನು ಕಿತ್ತುಹಾಕಿದೆ. ಅಕ್ಕನ ಮಾತಿನ ಪ್ರೋಗ್ರಾಮ್ ಬಿಟ್ಟು ಉಳಿದ ಯಾವುದೂ ತಾನಾಗಿ ಏಳದಂತೆ ಮಾಡಿದೆ. ಆ ರಾತ್ರಿ ಅಲ್ಲೇ ಉಳಿದೆ.

ಬೆಳಿಗ್ಗೆ ಭಾವ ಗುಂಡಿ ಒತ್ತಿದರು. ಮಂಚದ ಹತ್ತಿರ ಬರುವಷ್ಟರಲ್ಲಿ ಕಂಪ್ಯೂಟರ್ ಸಿದ್ಧವಾಗಿತ್ತು. "ಬಂತಲ್ಲ" ಎಂದು ಲೋಟ ತೊಳೆಯಲು ಅಡುಗೆಮನೆಗೆ ಹೋದರು.

ಅಕ್ಕನ ಮುಖ ಬಾಡಿತ್ತು. "ಯಾಕೆ, ಖುಷಿಯಾಗ್ಲಿಲ್ವಾ?" ಎಂದೆ.

ಅವಳು ಟೈಪ್ ಮಾಡಿದಳು. ದನಿ ಓದಿತು: "ಮೊದಲು ಹೇಗಿತ್ತೋ ಹಾಗೇ ಮಾಡಿಕೊಡು."

"ನಿಂಗೇನು ತಲೆ ಕೆಟ್ಟಿದ್ಯಾ?"

"ನಾನು ಉತ್ತರ ಕೊಡೋ ಹಾಗಿಲ್ಲ ಅಂತ ಗೊತ್ತಿದ್ರೆ ಮಾತ್ರ ಅವರು ಮನಸ್ಸು ಬಿಚ್ಚೋದು. 'ನೀನು ಹೋದ್ಮೇಲೆ ನಾನು ಹೇಗಿರ್ಲಿ' ಅಂತ ನನ್ನನ್ನ ಕೇಳ್ತಿದ್ರು. ನಿನ್ನೆ ನೀನು ಬಂದೆ, ಅಲ್ಲಿಗೇ ನಿಂತುಹೋಯ್ತು."

ಆ ಯಂತ್ರಕ್ಕೆ ಪಿಸುಗುಟ್ಟಲು ಬರುವುದಿಲ್ಲ. ಅಡುಗೆಮನೆಯ ನಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಜೋರಾಗಿ ಸುರಿಯತೊಡಗಿತು.

ಕಿತ್ತುಹಾಕಿದ್ದ ಆಂಟಿವೈರಸ್ ಸಮೇತ ಎಲ್ಲವನ್ನೂ ಹಿಂದಿನಂತೆ ಹಾಕಿಕೊಟ್ಟೆ. ರಿಪೇರಿಯವಳು ಮಾಡುವ ಕೆಲಸವೇ ಇದು? ಬೇರೆಯವರು ಕೇಳಿದರೆ ನಗುತ್ತಾರೆ, ನನಗೆ ಅಳು ಬಂತು.

ಮಾರನೆಯ ಬೆಳಿಗ್ಗೆ ನಾನು ಅವರ ಕಣ್ಣಿಗೆ ಬೀಳದಂತೆ ಬಾಗಿಲ ಮರೆಯಲ್ಲಿ ನಿಂತೆ. ಭಾವ ಗುಂಡಿ ಒತ್ತಿದರು. ಚಕ್ರ ತಿರುಗತೊಡಗಿತು. ಅಕ್ಕ ಕಾಲು ಮಡಚಿಕೊಂಡು ಮಂಚದ ತುದಿಯಲ್ಲಿ ಜಾಗ ಮಾಡಿಕೊಟ್ಟಳು.

ಭಾವ ಕೂರಲಿಲ್ಲ.